ಗೋಡೆಗೆ ಮುಖ ಮಾಡಿದ ತೀರ್ಪುಗಾರರು

ಅರ್ಧ ಊರಿಗೆ ಈಜು ಕಲಿಸಿದ ಟೀಚರಮ್ಮ ಆಗಿನ್ನೂ ಬರೀ ದರ್ಜಿಯ ಮಗಳು. ಹೆಣ್ಣುಮಕ್ಕಳನ್ನು ಮೊದಲ ಸಲ ಈಜುಸ್ಪರ್ಧೆಗೆ ಇಳಿಸಿದಾಗ ಈಜುಕೊಳದ ಕ್ಲಬ್ಬಿನ ಹಿರಿಯರಿಗೆ ಮರ್ಯಾದೆಯದೇ ಚಿಂತೆ. ತಲೆ ಕೆಡಿಸಿಕೊಂಡು ಕೊನೆಗೊಂದು ದಾರಿ ಹುಡುಕಿದರು: ತೀರ್ಪುಗಾರರು ಗಂಡಸರಾದ್ದರಿಂದ ನೀರಿಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂರಬೇಕು, ಗೆದ್ದವರನ್ನು ಸದ್ದಿನ ಮೇಲೆ ತೀರ್ಮಾನಿಸಬೇಕು. ಇಂಥ ಬುದ್ಧಿ ಬೇರೆ ಯಾರಿಗೆ ಬಂದೀತು!

ಮಗಳಿಗೆ ನೀರೆಂದರೆ ಪ್ರಾಣ. ಅಪ್ಪನಿಗೆ ಮಗಳೆಂದರೆ ಪ್ರಾಣ, ಊರಿನ ಬಾಯಿಯೆಂದರೆ ಭಯ. ಕತ್ತಿನಿಂದ ಪಾದದವರೆಗೆ ಉಡುಪು ಹೊಲಿದ. ಕೈ ರೂಢಿ ಬಿಡಬೇಕಲ್ಲ, ಜೇಬನ್ನೂ ಇಟ್ಟ.

"ನೀರಲ್ಲಿ ಜೇಬ್ಯಾಕಪ್ಪಾ?"

"ಇರ್ಲಿ ಬಿಡಮ್ಮ, ಏನಾದ್ರೂ ಇಟ್ಕೊಳ್ಳೋಕಾಗುತ್ತೆ."

ಜೇಬಿನ ತುಂಬ ನೀರು ಹೊತ್ತೇ ಅವಳು ಎಲ್ಲರಿಗಿಂತ ಮೊದಲು ದಡ ಮುಟ್ಟಿದಳು, ಮೀನಿನಂತೆ ಸದ್ದಿಲ್ಲದೆ. ಕ್ಲಬ್ಬಿನ ಕಾರ್ಯದರ್ಶಿಯ ಮಗಳು ನಡುನೀರಿನಲ್ಲಿ ಹಗ್ಗಕ್ಕೆ ಜೋತುಬಿದ್ದು ಕೈಕಾಲು ಬಡಿಯುತ್ತ ಅಮ್ಮನನ್ನು ಕೂಗುತ್ತಿದ್ದಳು. ತೀರ್ಪುಗಾರರು ಕಿವಿಗೊಟ್ಟು ಕೇಳಿ, ತಲೆದೂಗಿ, ಪದಕವನ್ನು ಅವಳಿಗೇ ಕೊಟ್ಟರು. "ಎಂಥಾ ವೇಗ" ಎಂದರು ಹಿರಿಯ ತೀರ್ಪುಗಾರರು. ಕಣ್ಣಾರೆ ಕಂಡ ಹೆಂಗಸರ ಮಾತು ಕೇಳುವವರು ಯಾರು.

ಮಗಳು ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. "ಮುಂದಿನ್ ವರ್ಷನೂ ಸೋತ್ರೆ ಈಜು ಗೀಜು ಏನೂ ಬೇಡ. ಅಂಗಿಗಳಿಗೆ ಗುಂಡಿ ಹಚ್ಕೊಂಡು ಮನೇಲಿ ಬಿದ್ದಿರು" ಎಂದಳು ಅಮ್ಮ. ಅಮ್ಮ ಅಂದಮೇಲೆ ಮುಗಿಯಿತು. ಅಪ್ಪ ಸೂಜಿಗೆ ದಾರ ಪೋಣಿಸುತ್ತ ಪಿಸುಗುಟ್ಟಿದ, "ಒಂಚೂರು ಸದ್ದು ಮಾಡಬಾರ್ದೇನಮ್ಮ."

ಮರುವರ್ಷವೂ ಅವಳು ಸದ್ದು ಮಾಡಲಿಲ್ಲ. ದಡ ಮುಟ್ಟಿದವಳೇ ಮೇಲೆ ಹತ್ತಿ, ಜೇಬಿನಿಂದ ನೀರು ಸುರಿಸುತ್ತ ನಡೆದು, ಕುರ್ಚಿಗಳಿಗೂ ಗೋಡೆಗೂ ನಡುವೆ ಹೋಗಿ ನಿಂತಳು.

"ಬಂದೆ ಸಾರ್. ಬರ್ಕೊಳ್ಳಿ."

ಹಿರಿಯ ತೀರ್ಪುಗಾರರು ಗಾಬರಿಯಿಂದ ಕಣ್ಣು ಮುಚ್ಚಿದರು. "ಸದ್ದು ಆ ಕಡೆಯಿಂದ ಬರ್ತಿದೆಯಲ್ಲಮ್ಮ?"

"ಕಾರ್ಯದರ್ಶಿಗಳ ಮಗಳು ಮುಳುಗ್ತಿದಾಳೆ ಸಾರ್. ನೀವು ತಿರುಗಿ ನೋಡೋ ಹಾಗಿಲ್ವಲ್ಲ" ಎಂದು ಅವಳು ಮತ್ತೆ ನೀರಿಗೆ ಹಾರಿದಳು.

ಕುರ್ಚಿಗಳೆಲ್ಲ ಒಟ್ಟಿಗೆ ತಿರುಗಿದವು. ಅವಳು ಆ ಹುಡುಗಿಯನ್ನು ಎಳೆದು ತಂದು ದಡಕ್ಕೆ ಹಾಕಿದ್ದನ್ನು ಎಲ್ಲರೂ ನೋಡಿದರು, ಮರ್ಯಾದೆಗೇನೂ ಆಗಲಿಲ್ಲ.

ಪದಕ ಕೊಡುವಾಗ ಮತ್ತೆ ಪೇಚು. ಒದ್ದೆ ಹುಡುಗಿಯ ಎದೆಗೆ ಪಿನ್ನು ಚುಚ್ಚುವುದು ಹೇಗೆ? ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಜೇಬು ಅಗಲಿಸಿ ಹಿಡಿದಳು.

"ಇಲ್ಲಿ ಹಾಕಿ ಸಾರ್."

ಬಾಗಿಲಲ್ಲಿ ಇಣುಕುತ್ತಿದ್ದ ದರ್ಜಿ ಕಣ್ಣೊರೆಸಿಕೊಂಡು ಪಕ್ಕದವನಿಗೆ ಹೇಳಿದ, "ಜೇಬಿಟ್ಟಿದ್ದು ನಾನೇ."