ಖಾದರ್ ಮಾಸ್ಟರ್ ತಲೆ ತಟ್ಟಿದರೆ

ಇದನ್ನು ಬರೆಯಲು ಕೂತು, ಪೆನ್ನು ಮುಚ್ಚಿಟ್ಟು ಎದ್ದದ್ದು ಎಷ್ಟು ಸಲವೋ. ಇವತ್ತು ಬರೆದೇ ಬಿಡುತ್ತೇನೆ.

ಖಾದರ್ ಮಾಸ್ಟರ್ ಎಂದರೆ ನನಗೆ ಮೊದಲು ನೆನಪಾಗುವುದು ಅವರ ಬೋಳುತಲೆ. ಅದರ ಮೇಲೆ ಅವರು ಪಟಪಟನೆ ಎರಡು ಏಟು ತಟ್ಟಿಕೊಂಡರೆ ಇಡೀ ಬ್ಯಾಂಡ್ ದಾರಿಗೆ ಬರಬೇಕು. ಆರ್.ಟಿ. ನಗರದ ಅವರ ಮನೆಯ ತಾರಸಿಯಲ್ಲಿ, ತಗಡಿನ ಶೀಟಿನ ಕೆಳಗೆ, ಪ್ರತಿ ಭಾನುವಾರ ನಮಗೆ ಜಾಜ್ ಕಲಿಸುತ್ತಿದ್ದರು. ಮೊದಲು ಎಲ್ಲರೂ ಸೇರಿ ಒಂದು ಧಾಟಿ ನುಡಿಸುವುದು. ಆಮೇಲೆ ಒಬ್ಬೊಬ್ಬರದೂ ಒಂದೊಂದು ಸರದಿ, ಮನಸ್ಸಿಗೆ ತೋಚಿದ ಹಾಗೆ. ಮಾಸ್ಟರ್ ತಲೆ ತಟ್ಟಿದರೆ ಸರದಿ ಮುಗಿಯಿತು, ಧಾಟಿಗೆ ಮರಳಿ ಮುಂದಿನವರಿಗೆ ಬಿಡಬೇಕು ಎಂದರ್ಥ.

ಎಸ್ಸೆಸ್ಸೆಲ್ಸಿ ಮುಗಿಸಿ ಯಶವಂತಪುರದ ಮದುವೆ ಬ್ಯಾಂಡಿಗೆ ಸೇರಿದವನು ನಾನು. ಗಂಡು ಛತ್ರದೊಳಗೆ ಹೋಗುವ ತನಕ ಕ್ಲಾರಿನೆಟ್ ಊದುವುದೊಂದೇ ಗೊತ್ತಿತ್ತು. ಅರವತ್ತು ದಾಟಿದ ಮೇಲೆ ಅವರ ಶಿಷ್ಯನಾದೆ. ಮೊದಲ ದಿನ ಅವರು ತಲೆ ತಟ್ಟಿಕೊಂಡಾಗ, ಪಾಪ, ತಲೆನೋವು ಅಂದುಕೊಂಡು ಕೆಳಗಿಳಿದು ಹೋಗಿ ಮಾತ್ರೆ ತಂದುಕೊಟ್ಟೆ. ಅವರು ನಗದೆ ಅದನ್ನು ಜೇಬಿಗೆ ಹಾಕಿಕೊಂಡರು.

"ಇರ್ಲಿ ನಂಜಪ್ಪನೋರೆ. ನೀವು ಇಂಗೇ ಊದ್ತಿದ್ರೆ ಬೇಕಾಗುತ್ತೆ."

ಅವರ ಪಾಠವೆಲ್ಲ ಹೀಗೇ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನಾವು ನಿಲ್ಲಿಸುತ್ತಿದ್ದೆವು. ಅವರು ಅದರ ಶ್ರುತಿಯನ್ನೇ ಸ್ಯಾಕ್ಸೊಫೋನಿನಲ್ಲಿ ಹಿಡಿದು ಅಲ್ಲಿಂದ ಹೊಸದೊಂದು ದಾರಿ ತೆಗೆಯುತ್ತಿದ್ದರು. ಒಂದು ಸಲ ಆ ಮನೆಯ ಹೆಂಗಸು ಕಿಟಕಿಯಿಂದ, ಮೂರು ಕೂಗಾಯಿತೋ ನಾಲ್ಕೋ ಎಂದು ಇವರನ್ನೇ ಕೇಳಿದರು. ಇವರು ಊದುತ್ತಲೇ ನಾಲ್ಕು ಬೆರಳು ತೋರಿಸಿದರು.

ಸಹಕಾರನಗರದ ಪಾರ್ಕಿನಲ್ಲಿ ನಮ್ಮ ಮೊದಲ ಕಾರ್ಯಕ್ರಮ. ಮೈಕಿಗೆ ಅನುಮತಿ ಬೆಳಿಗ್ಗೆ ಹತ್ತರ ತನಕ ಮಾತ್ರ. ನನ್ನ ಸರದಿಯಾದ ಮೇಲೆ ಕೊನೆಯ ಸರದಿ ಟ್ರಂಪೆಟ್‌ನದು. ಅದನ್ನು ನುಡಿಸುತ್ತಿದ್ದವರು ಬಾಗಲಗುಂಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೆಣ್ಣುಮಗಳು. ಊದುವುದು ಹೆಂಗಸರ ಕೆಲಸವಲ್ಲ ಎನ್ನುತ್ತಿದ್ದ ತಾಯಿಯನ್ನು ಒಪ್ಪಿಸಿ, ಅಂದು ಮೊದಲ ಬಾರಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

ನಾನು ಶುರು ಮಾಡಿದೆ. ಜನ ಚಪ್ಪಾಳೆ ತಟ್ಟಿದರು. ಮದುವೆ ಬ್ಯಾಂಡಿನವನಿಗೆ ಯಾರೂ ಹಾಗೆ ಕಿವಿಗೊಟ್ಟವರಲ್ಲ. ಮಾಸ್ಟರ್ ತಲೆ ತಟ್ಟಿದರು. ನೋಡಿದೆ. ಮತ್ತೆ ತಟ್ಟಿದರು. ಕಣ್ಣು ಮುಚ್ಚಿಕೊಂಡು ಊದಿದೆ. ಕಣ್ಣು ತೆರೆದಾಗ ಪಾರ್ಕಿನ ಕಾವಲುಗಾರ ಮೈಕಿನ ವೈರು ಕೀಳುತ್ತಿದ್ದ.

ಮಾಸ್ಟರ್ ನೇರವಾಗಿ ಆ ತಾಯಿಯ ಹತ್ತಿರ ಹೋದರು. "ತಪ್ಪು ನಂದು ಕಣಮ್ಮಾ. ಇವ್ರಿಗೆ ನಿಲ್ಸೋಕೆ ಹೇಳೋದು ನಾನೇ ಮರ್ತೆ."

ಪಕ್ಕದಲ್ಲೇ ಇದ್ದೆ. ಕ್ಲಾರಿನೆಟ್ ಒರೆಸುತ್ತಾ ನಿಂತೆ. ಅವರು ತಟ್ಟಿದ್ದನ್ನು ಮಗಳು ಕಣ್ಣಾರೆ ನೋಡಿದ್ದರು. ಆದರೂ ಊದದ ಟ್ರಂಪೆಟನ್ನು ಚೀಲಕ್ಕೆ ಹಾಕುತ್ತಾ ನನಗೆ, "ಚೆನ್ನಾಗಿತ್ತು ಅಂಕಲ್" ಅಂದರು.

ಎರಡು ಭಾನುವಾರ ಆಕೆ ಬರಲಿಲ್ಲ. ಮೂರನೆಯ ವಾರ ಮಾಸ್ಟರ್ ಸ್ಕೂಟರಿನಲ್ಲಿ ಬಾಗಲಗುಂಟೆಗೆ ಹೋಗಿ, ತಾಯಿ ಮಗಳಿಬ್ಬರನ್ನೂ ಆಟೋದಲ್ಲಿ ಕೂರಿಸಿ, ತಾವು ಮುಂದೆ ಹಾರ್ನ್ ಹೊಡೆಯುತ್ತಾ ಮೆರವಣಿಗೆಯಂತೆ ಕರೆತಂದರು. ಅಂದಿನಿಂದ ಮೊದಲ ಸರದಿ ಆಕೆಯದೇ. ತಾಯಿ ತಾರಸಿಯಲ್ಲಿ ಕೂತು ತಾಳ ಹಾಕುತ್ತಿದ್ದರು, ಪೂರಾ ತಪ್ಪು ತಾಳ. ಮಾಸ್ಟರ್ ನಮಗೇ ಅದಕ್ಕೆ ಹೊಂದಿಕೊಳ್ಳಿ ಅಂದರು.

ಕೊನೆಯ ಸಲ ನೋಡಿದಾಗ ಅವರಿಗೆ ಉಸಿರಿನ ತೊಂದರೆ. ಮಂಚದ ಪಕ್ಕ ಕೂತು, ಅವತ್ತು ಬೇಕಂತಲೇ ಊದಿದೆ, ಕ್ಷಮಿಸಿ ಎಂದೆ. ಅವರಿಗೆ ನಗು ಬಂತು, ಜೊತೆಗೆ ಕೆಮ್ಮು.

"ನಂಗ್ಯಾಕ್ ಹೇಳ್ತೀರಾ ಗುರು? ನಂದೇನ್ ಕಿತ್ಕೊಂಡ್ರಿ ನೀವು? ಹೋಗಿ ಅವ್ರಿಗೆ ಹೇಳಿ."

ಆ ವಾರವೇ ಅವರು ತೀರಿಕೊಂಡರು. ಈಗ ತಾರಸಿಯ ಪಾಠ ನಡೆಸುವುದು ಟ್ರಂಪೆಟ್ ಊದುವ ಆಕೆಯೇ. ನಾನು ಒಂದು ಭಾನುವಾರವೂ ತಪ್ಪಿಸುವುದಿಲ್ಲ. ಹೇಳಬೇಕೆಂದು ಬಾಯಿ ತೆರೆಯುತ್ತೇನೆ. ತೆರೆದ ಬಾಯಿಗೆ ಕ್ಲಾರಿನೆಟ್ ಇಟ್ಟುಕೊಂಡುಬಿಡುತ್ತೇನೆ. ನಾನು ಇನ್ನೂ ಕ್ಷಮೆ ಕೇಳದ ಆ ಹೆಣ್ಣುಮಗಳ ಹೆಸರು ಶಾಹೀನಾ.