ಪೂರ್ತಿ ಗಿಡದ ಫೋಟೊ

2024ರ ಚಳಿಗಾಲದಲ್ಲಿ ನಾನು ಮೆಲ್ಬರ್ನ್‌ನ ಒಂದು ಹೈಡ್ರೊಪೋನಿಕ್ಸ್ ಅಂಗಡಿಯಲ್ಲಿ ಬೆಳೆ ಸಲಹೆಗಾರನಾಗಿದ್ದೆ. ಮಣ್ಣಿಲ್ಲದೆ, ಮನೆಯೊಳಗೆ ಗಿಡ ಬೆಳೆಸುವವರಿಗೆ ಬೇಕಾದ ದೀಪ, ಟೆಂಟ್, ಪೋಷಕಾಂಶಗಳನ್ನು ಮಾರುವ ಅಂಗಡಿ ಅದು. ಅಲ್ಲಿ ಅತಿ ಹೆಚ್ಚು ಹೋಗುತ್ತಿದ್ದುದು ಕ್ಯಾಲ್-ಮ್ಯಾಗ್, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇರುವ ದ್ರಾವಣ. ಮೆಲ್ಬರ್ನ್‌ನ ನಲ್ಲಿ ನೀರು ಬಹಳ ಮೆದು; ಬೆಂಗಳೂರಿನ ಬೋರ್‌ವೆಲ್ ನೀರಿನ ಹಾಗೆ ಬಕೆಟ್ಟಿಗೆ ಬಿಳಿ ಕರೆ ಕಟ್ಟುವುದಿಲ್ಲ. ಆ ಕರೆಯಲ್ಲಿರುವುದನ್ನೇ ಇಲ್ಲಿ ಬಾಟಲಿಗೆ ತುಂಬಿ ಮಾರುತ್ತೇವೆ.

ಅದನ್ನು ಕೊಳ್ಳುವವರಲ್ಲಿ ಅನೇಕರು ಮನೆಯಲ್ಲಿ ಗಾಂಜಾ ಬೆಳೆಸುವವರು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಅದು ಅಪರಾಧ. ಅವರು ಬಾಯಿಬಿಟ್ಟು ಹೇಳಿದರೆ ನಾವು ಮಾರುವ ಹಾಗಿಲ್ಲ. ಆದ್ದರಿಂದ ಮ್ಯಾನೇಜರ್ ಡೀನ್‌ನ ಕಟ್ಟಪ್ಪಣೆ: ಗಿಡ ಯಾವುದು ಅಂತ ಕೇಳಬೇಡ. ಗಿರಾಕಿಗಳೂ ಜಾಣರು; ಮೊಬೈಲಿನಲ್ಲಿ ಒಂದೇ ಎಲೆಯ ಫೋಟೊ ತೋರಿಸುತ್ತಿದ್ದರು, ಅದೂ ಸುತ್ತಲಿನದೆಲ್ಲ ಕತ್ತರಿಸಿದ್ದು. ನನಗೆ ಎಲ್ಲದರ ಲೆಕ್ಕ ಬರೆದಿಡುವ ಅಭ್ಯಾಸ. ಇಲ್ಲಿ ಚಳಿಗಾಲ ಶುರುವಾಗುವುದು ಜೂನ್‌ನಲ್ಲಿ; ಆ ತಿಂಗಳು ಹಳದಿ ಎಲೆಯ ದೂರುಗಳು ನಲವತ್ತೊಂದು. ಮೂವತ್ತಾರಕ್ಕೆ ಕ್ಯಾಲ್-ಮ್ಯಾಗ್ ಕೊಟ್ಟಿದ್ದೆ.

ಜೂನ್ 8, ಶನಿವಾರ, ವಿಲ್ಫ್ರೆಡ್ ಎಂಬುವವರು ಬಂದರು. ಐವತ್ತರ ಆಸುಪಾಸು, ಮಂಗಳೂರಿನವರು, ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ವಿಭಾಗದ ಕೆಲಸ. ಊರಾಚೆಯ ಬಡಾವಣೆ ಕ್ಲೈಡ್ ನಾರ್ತ್‌ನಲ್ಲಿ ಬಾಡಿಗೆ ಮನೆ. ನಾನು ಕನ್ನಡದವನೆಂದು ತಿಳಿದ ಮೇಲೂ ದನಿ ತಗ್ಗಿಸಿಯೇ ಮಾತಾಡಿದರು.

"ಗಿಡ ಗ್ಯಾರೇಜಲ್ಲಿ ಉಂಟು. ನಿಮ್ಮ ಅಂಗಡಿಯದ್ದೇ ಲೈಟು. ಎಲೆ ಹೀಗಾಗಿದೆ ನೋಡು."

ಫೋಟೊದಲ್ಲಿ ಒಂದೇ ಎಲೆ, ಅದೂ ಅಂಚು ಕಾಣದಷ್ಟು ಹತ್ತಿರದಿಂದ ತೆಗೆದದ್ದು. ನರಗಳು ಹಸಿರು, ನಡುವೆ ಹಳದಿ; ಮೆಗ್ನೀಸಿಯಂ ಕೊರತೆಯ ಗುರುತು. "ಇದು ಬದುಕಬೇಕು ಮಾರಾಯ," ಅಂದರು. "ಹೆಂಡತಿ ಐರಿನ್‌ಗೆ ಕೀಮೊ ನಡೀತಾ ಉಂಟು. ಇದಿಲ್ಲದಿದ್ರೆ ಅವಳಿಗೆ ಊಟ ಸೇರುದಿಲ್ಲ."

ಕೀಮೊಥೆರಪಿಯ ವಾಕರಿಕೆಗೆ ಗಾಂಜಾ ಬಳಸುವವರಿದ್ದಾರೆಂದು ನನಗೆ ಗೊತ್ತಿತ್ತು. ಗ್ಯಾರೇಜು, ದೀಪ, ತಗ್ಗಿದ ದನಿ, ಎಲ್ಲ ಹೊಂದಿಕೊಂಡಿತು. ನಾನು ಏನೂ ಕೇಳದೆ ಬಾಟಲಿ ಕೊಟ್ಟು, ಲೀಟರಿಗೆ ಎರಡು ಮಿಲಿಲೀಟರ್ ಅಂದೆ. ಎರಡು ವಾರ ಬಿಟ್ಟು ಬಂದರು; ಎಲೆ ಇನ್ನೂ ಹಳದಿ. ಮೂರು ಮಿಲಿಲೀಟರ್ ಅಂದೆ.

ಜುಲೈ 6ರಂದು ಮೂರನೆಯ ಸಲ ಬಂದಾಗ ಅವರು ಗಡ್ಡ ಬೋಳಿಸಿರಲಿಲ್ಲ.

"ಈಗ ಬರುವ ಚಿಗುರೆಲ್ಲ ಬೆಳ್ಳಗೆ. ಐರಿನ್ ನಿನ್ನೆ ಎರಡು ಚಮಚ ಗಂಜಿ ಕುಡಿದದ್ದು, ಅಷ್ಟೇ. ಇದು ಸತ್ತರೆ ಅವಳಿಗೆ ಎಂತ ಕೊಡುದು?"

ಚಿಗುರು ಎಂದಾಗ ನನಗೆ ಎಚ್ಚರವಾಯಿತು. ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೆಯ ಎಲೆಗಳಿಂದ ಅದನ್ನು ತೆಗೆದು ಚಿಗುರಿಗೆ ಕೊಡುತ್ತದೆ. ಹಳದಿಯಾಗುವುದು ಕೆಳಗಿನ ಎಲೆಗಳು. ಕಬ್ಬಿಣವನ್ನು ಹಾಗೆ ಸಾಗಿಸಲಾಗದು. ಅದು ಸಿಗದಿದ್ದರೆ ಮೊದಲು ಬಿಳಿಚಿಕೊಳ್ಳುವುದು ಚಿಗುರೇ. ಎರಡು ಕೊರತೆಗಳಲ್ಲೂ ಒಂಟಿ ಎಲೆ ಒಂದೇ ಥರ ಕಾಣುತ್ತದೆ. ಗಿಡ ನೋಡದೆ ಮುಂದೆ ಹೋಗುವಂತಿರಲಿಲ್ಲ.

"ಅಂಕಲ್, ನಾನು ಇಡೀ ಗಿಡ ನೋಡ್ಬೇಕು."

ಅವರು ಬಾಗಿಲ ಕಡೆ ನೋಡಿದರು. "ಕಾರಲ್ಲೇ ಉಂಟು."

ಡೀನ್ ಗಲ್ಲಾದಲ್ಲಿದ್ದ. ಕಾರ್ ಪಾರ್ಕಿಗೆ ಹೋಗುವಾಗ ಕೆಲಸ ಹೋಯಿತು ಅಂತಲೇ ಅಂದುಕೊಂಡೆ. ವಿಲ್ಫ್ರೆಡ್ ಅಂಕಲ್ ಹಿಂದಿನ ಸೀಟಿನ ಬೆಡ್‌ಶೀಟ್ ಎತ್ತಿದರು. ಸೀಟ್ ಬೆಲ್ಟ್ ಹಾಕಿ ಕೂರಿಸಿದ ಕುಂಡದಲ್ಲಿ ಸೊಂಟದೆತ್ತರದ ಕರಿಬೇವು.

"ಕರಿಬೇವಾ?"

"ಮತ್ತೆ ನೀನು ಎಂತ ಗ್ರಹಿಸಿದ್ದು?"

"ಗಾಂಜಾ."

"ದೇವಾ! ಚರ್ಚ್ ಕ್ವಾಯರಲ್ಲಿ ಹಾಡುವವ ಮಾರಾಯ ನಾನು!"

"ಹಾಗಾದ್ರೆ ಕಳ್ಳನ ಹಾಗೆ ಯಾಕೆ ಮುಚ್ಚಿಟ್ರಿ?"

ಆಗ ಹೇಳಿದರು. ಗಿಡ ಐರಿನ್ ಆಂಟಿ ಸಿಡ್ನಿಯ ಪ್ಯಾರಮಟ್ಟಾದಲ್ಲಿ ಬೀಜದಿಂದ ಬೆಳೆಸಿದ್ದು. ವರ್ಗವಾಗಿ ಬರುವಾಗ ಕಾರಿನಲ್ಲಿಟ್ಟು ತಂದಿದ್ದರು. ಕರಿಬೇವು ನಿಂಬೆಯ ಕುಲದ್ದು. ರೋಗ ಹರಡಬಾರದೆಂದು ಅಂಥ ಗಿಡಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಲು ನಿಯಮಗಳಿವೆ ಎಂದು ಆಮೇಲೆ ಯಾರೋ ಹೆದರಿಸಿದ್ದರು. "ಇಲ್ಲಿ ಖಾಯಂ ಉಳಿಲಿಕ್ಕೆ ಪಿಆರ್ ಇನ್ನೂ ಬರ್ಲಿಲ್ಲ. ಸೊಪ್ಪಿನ ಕೇಸಲ್ಲಿ ವಾಪಸ್ ಕಳಿಸಿದ್ರೆ?" ಅಂಗಡಿಯಲ್ಲಿ ಸಿಗುವ ಸೊಪ್ಪು ಫ್ರಿಜ್ಜಿನ ವಾಸನೆಯೆಂದು ಆಂಟಿ ಮುಟ್ಟುತ್ತಿರಲಿಲ್ಲ. ಈ ಗಿಡದ ಸೊಪ್ಪಿನ ಚಟ್ನಿ ಇದ್ದರೆ ಮಾತ್ರ ಗಂಜಿ ಇಳಿಯುತ್ತಿತ್ತು.

ಕುಂಡದ ಮೇಲೆ ಬೂದು ಬಣ್ಣದ ಪದರವಿತ್ತು.

"ಬಾರ್ಬಿಕ್ಯೂ ಬೂದಿ," ಅಂದರು ಹೆಮ್ಮೆಯಿಂದ. "ಅಮ್ಮ ಊರಲ್ಲಿ ಒಲೆಯ ಬೂದಿ ಹಾಕ್ತಿದ್ರು. ಐರಿನ್ ಹುಳಿ ಮಜ್ಜಿಗೆ ಹಾಕುದು. ಅವಳು ಹಾಸಿಗೆ ಹಿಡಿದ ಮೇಲೆ ನಾನು ವಾರ ವಾರ ಬೂದಿ."

ಕರಾವಳಿಯ ಕೆಂಪು ಮಣ್ಣು ಹುಳಿ; ಅಲ್ಲಿ ಬೂದಿ ಸರಿ. ಈ ಕುಂಡದಲ್ಲಿ ಅದು ಕ್ಷಾರ ಹೆಚ್ಚಿಸಿ, ಕಬ್ಬಿಣವನ್ನು ಬೇರಿಗೆ ಸಿಗದಂತೆ ಕಟ್ಟಿಹಾಕಿತ್ತು. ಮೀಟರ್ ಇಟ್ಟರೆ pH 8.1, ಬೇಕಿದ್ದುದು 6ರ ಹತ್ತಿರ. ಅದರ ಮೇಲೆ ನಾನು ಕೊಟ್ಟ ಕ್ಯಾಲ್ಸಿಯಂ ಬೇರೆ, ಕಬ್ಬಿಣಕ್ಕೆ ಇನ್ನೊಂದು ಅಡ್ಡಿ.

ಕ್ಯಾಲ್-ಮ್ಯಾಗ್ ನಿಲ್ಲಿಸಿದೆವು. ಮೇಲಿನ ಬೂದಿ ಕೆರೆದು ತೆಗೆದು, pH ಇಳಿಸಿದ ನೀರಿನಲ್ಲಿ ಕುಂಡ ತೊಳೆದೆವು. ಗಿಡ ಸುಲಭವಾಗಿ ಹೀರುವ ಚೀಲೇಟೆಡ್ ಕಬ್ಬಿಣ ಕೊಟ್ಟೆವು. ತಣ್ಣನೆಯ ಬೇರಿಗೆ ಕೆಳಗೊಂದು ಹೀಟ್ ಮ್ಯಾಟ್. ಕೃಷಿ ಇಲಾಖೆಗೆ ನೀವೇ ಫೋನ್ ಮಾಡಿ, ಅವರು ಬಂದು ಹುಡುಕುವುದಕ್ಕಿಂತ ಒಳ್ಳೆಯದು ಅಂದೆ. ಎರಡು ದಿನ ಯೋಚಿಸಿ ಮಾಡಿದರು. ಇಲಾಖೆಯವರೂ ಮೊದಲು ಕೇಳಿದ್ದು ಪೂರ್ತಿ ಗಿಡದ ಫೋಟೊ. ರೋಗವಿಲ್ಲ, ಅಲ್ಲಿಂದ ಕದಲಿಸಬೇಡಿ ಎಂದರಂತೆ.

ಡೀನ್‌ಗೂ ನಡೆದದ್ದನ್ನು ಹೇಳಿದೆ. "ಬೆಡ್‌ಶೀಟಿನ ಕೆಳಗೆ ಗಾಂಜಾನೇ ಇದ್ದಿದ್ದರೆ?" ಅಂದ.

ಆಗಸ್ಟ್ ಕೊನೆಯಲ್ಲಿ ವಿಲ್ಫ್ರೆಡ್ ಅಂಕಲ್ ಮತ್ತೆ ಬಂದರು. ಕೊಳ್ಳಲು ಅಲ್ಲ. ಜಿಪ್‌ಲಾಕ್ ಚೀಲದಲ್ಲಿ ಒಂದೇ ಒಂದು ಎಸಳು, ಕಡು ಹಸಿರು.

"ಐರಿನ್ ಕಳಿಸಿದ್ದು. ಚಟ್ನಿ ಈಗ ಅವಳೇ ಮಾಡ್ತಾಳೆ, ನನ್ನದಕ್ಕೆ ಉಪ್ಪು ಜಾಸ್ತಿಯಂತೆ. ನಿನಗೆ ಹೇಳ್ಲಿಕ್ಕೆ ಹೇಳಿದ್ದಾಳೆ, ಇದನ್ನು ಒಗ್ಗರಣೆಗೆ ಹಾಕು, ಸೇದಬೇಡ ಅಂತ."

ಗಿಡ ಯಾವುದೆಂದು ನಾನು ಈಗಲೂ ಕೇಳುವುದಿಲ್ಲ. ಆದರೆ ಹಳದಿ ಕಂಡದ್ದು ಮೇಲಿನ ಎಲೆಯಲ್ಲೋ ಕೆಳಗಿನದರಲ್ಲೋ, ಕುಂಡಕ್ಕೆ ಇನ್ನೇನು ಹಾಕಿದ್ದೀರಿ ಎಂದು ಕೇಳದೆ ಬಾಟಲಿ ಕೊಡುವುದಿಲ್ಲ. ಆ ಎರಡು ಪ್ರಶ್ನೆಗೆ ಯಾರ ಗುಟ್ಟೂ ಬೇಕಾಗಿಲ್ಲ.