ನಾಮದ ತಾಳಿ

ನಿವೃತ್ತ ಇನ್‌ಸ್ಪೆಕ್ಟರ್ ಸಾಹೇಬರು ಟೀವಿಯ ಅಪರಾಧ ಕಾರ್ಯಕ್ರಮದಲ್ಲಿ ರೇಷ್ಮೆ ಜುಬ್ಬಾ ತೊಟ್ಟು ಕೂತು, ನಮ್ಮಮ್ಮನ ಸರ ಪತ್ತೆಹಚ್ಚಿದ ಸಾಹಸವನ್ನು ಬಣ್ಣಿಸುತ್ತಿದ್ದರು. ಹೆಸರು ಹೇಳಲಿಲ್ಲ. ಚಾಮರಾಜಪೇಟೆಯ ನಮ್ಮ ರಸ್ತೆ, ಅಪ್ಪನ ಬ್ಯಾಂಕ್ ಕೆಲಸ, ಹೂವು ತರಲು ಮಾರ್ಕೆಟ್ಟಿಗೆ ಹೊರಟಿದ್ದ ಅಮ್ಮನ ಕೊರಳಿಗೆ ಸ್ಕೂಟರಿನವನು ಕೈ ಹಾಕಿದ್ದು, ಎಲ್ಲ ಹೇಳಿದರು. "ನಾಮದ ತಾಳಿ ಕೈಗಿಟ್ಟೆ. ಆ ತಾಯಿ ಕಣ್ಣಿಗೊತ್ತಿಕೊಂಡು ಅತ್ತುಬಿಟ್ರು" ಎನ್ನುವಾಗ ಅವರ ಕಣ್ಣೂ ಒದ್ದೆಯಾಯಿತು. ತನಿಖೆಯಲ್ಲೂ ಇಷ್ಟೇ ಶ್ರದ್ಧೆ ತೋರಿಸಿದ್ದರೆ ಆಗುತ್ತಿತ್ತು.

ಅವರೆಕಾಳು ಹಿದುಕುತ್ತಿದ್ದ ಅಮ್ಮ ಕೈ ನಿಲ್ಲಿಸಿದಳು.

ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ತೊಂಬತ್ತರ ದಶಕದ ಆ ಠಾಣೆಯಲ್ಲಿ ಅಮ್ಮನ ಪಕ್ಕದಲ್ಲಿ ನಿಂತಿದ್ದೆನೋ, ಬಾಗಿಲ ಬಳಿಯೋ, ಹೇಳಲಾರೆ. ಆದರೆ ನಮ್ಮ ಮನೆತನದ್ದು ಜೋಡಿ ತಾಳಿ: ತವರಿನದೊಂದು, ಅತ್ತೆಮನೆಯದೊಂದು, ಎರಡೂ ನುಣ್ಣನೆಯ ಬೊಟ್ಟು. ಮೇಜಿನ ಮೇಲಿದ್ದದ್ದು ನಾಮ ಕೆತ್ತಿದ ಒಂಟಿ ತಾಳಿ. ಇದರಲ್ಲಿ ನನ್ನ ನೆನಪಿಗೆ ಕೆಲಸವೇ ಇಲ್ಲ. ತಾಳಿಯ ಬದಲು ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಠಾಣೆಗೆ ಹೋದ ಅಮ್ಮ ಆ ಕೊಂಬಿನಲ್ಲೇ ವಾಪಸು ಬಂದಳು. ನಗರ್ತಪೇಟೆಯಲ್ಲಿ ಹೊಸದು ಮಾಡಿಸಿದ್ದು ಎಷ್ಟೋ ಆಮೇಲೆ.

'ರಿಕವರಿ' ಎಂದರೆ ಕಳೆದದ್ದು ಸಿಗುವುದು ಎಂದು ನಾನು ಓದಿದ್ದೆ. ಠಾಣೆಯ ಲೆಕ್ಕದಲ್ಲಿ ಏನಾದರೊಂದು ಸಿಕ್ಕರೆ ಸಾಕಿತ್ತು. ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಕಳ್ಳ ಏನು ಕೇಳಿದರೂ ಹೂಂ ಎನ್ನುತ್ತಿದ್ದ. ಅಮ್ಮನೂ ಒಂದು ಹೂಂ ಎಂದರೆ ಕೇಸು ಮುಗಿಯುತ್ತಿತ್ತು.

"ಇದು ನಂದಲ್ಲ" ಅಂದಳು.

"ಬಂಗಾರ ಬಂಗಾರಾನೇ ಅಲ್ವೇನಮ್ಮಾ? ನಿಮ್ದಕ್ಕಿಂತ ತೂಕ ಜಾಸ್ತೀನೇ ಇದೆ, ತಗೊಳ್ಳಿ" ಎಂದರು ಸಾಹೇಬರು.

ಹೂಂ ಅಂದುಬಿಡೆ, ಕೆಲಸ ಮುಗಿಯಲಿ ಎಂದು ಅಪ್ಪನೂ ಗೊಣಗಿದರು.

"ಇನ್ನೊಬ್ಬಳ ತಾಳಿ ಕಟ್ಕೊಂಡ್ರೆ ಅವಳ ಗಂಡನಿಗೆ ನಾನೂ ಹೆಂಡ್ತಿ ಆಗ್ತೀನಾ, ಸ್ವಾಮಿ?"

ಪೇದೆಯೊಬ್ಬ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡ. ಅಪ್ಪ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಆ ತಾಳಿ ಆಮೇಲೆ ಯಾರ ಕೈ ಸೇರಿತೋ. ಸಾಹೇಬರ ಕಥೆಯಲ್ಲಂತೂ ಅಮ್ಮನ ಕೊರಳಿಗೇ ಬಿತ್ತು.

ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಮಲ್ಲೇಶ್ವರದ ಚಿಕ್ಕಮ್ಮನ ಫೋನ್. ಸರ ಸಿಕ್ಕಿದ್ದನ್ನು ಇಷ್ಟು ವರ್ಷ ಮುಚ್ಚಿಟ್ಟೆಯಲ್ಲೇ ಅಕ್ಕ ಎಂಬ ಆಕ್ಷೇಪಣೆ. ನಾನು ಚಾನೆಲ್ಲಿಗೆ ಬರೆಯೋಣ, ಆ ಮನುಷ್ಯನ ಮಾನ ಕಳೆಯೋಣ ಎಂದೆಲ್ಲ ಹಾರಾಡಿದೆ. ಅಮ್ಮನಿಗೆ ಅವರ ಮಾನದ ಯೋಚನೆ ಇರಲಿಲ್ಲ.

"ಆ ನಾಮದ ತಾಳಿಯವಳೂ ಇದನ್ನ ನೋಡಿರ್ತಾಳೆ ಕಣೋ" ಅಂದಳು. "ನಾನೇ ಹಾಕ್ಕೊಂಡು ಓಡಾಡ್ತಿದೀನಿ ಅನ್ಕೊಳಲ್ವಾ?"